ವಿಂಟರ್‌ಸೆಟ್‌ಗೆ ಬರೋದಾ ಅಂತ ಕೇಳಿದ ತಂಗಿಗೆ

ತಂಗಿ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ನಿನ್ನ ಗಂಡನಿಗೆ ಅಯೋವಾ ರಾಜ್ಯದ ಡಿಮಾಯ್ನ್‌ನಲ್ಲಿ ಕೆಲಸ ಸಿಕ್ಕಿದೆ. ಮಾರ್ಚ್‌ನಲ್ಲಿ ಹಾಸನದಿಂದ ಆರು ವರ್ಷದ ಮಗಳನ್ನೂ ಕರೆದುಕೊಂಡು ಹೊರಡುತ್ತಿದ್ದೀರಿ. ನಗರದಲ್ಲಿ ಬಾಡಿಗೆ ಜಾಸ್ತಿ ಅನ್ನಿಸಿ ವಿಂಟರ್‌ಸೆಟ್ ಅನ್ನೋ ಸಣ್ಣ ಊರಿನಲ್ಲಿ ಮನೆ ನೋಡುತ್ತಿದ್ದೀರಿ. ಈಗ ನಿನಗೆ ಭಯ ಶುರುವಾಗಿದೆ. "ಐದು ಸಾವಿರ ಜನರ ಊರಂತೆ, ನಮ್ಮವರು ಯಾರೂ ಇಲ್ಲವಂತೆ, ಸುತ್ತ ಬರೀ ಜೋಳದ ಹೊಲವಂತೆ. ಅಲ್ಲಿ ಏನಿದೆ ಅಕ್ಕಾ? ಹುಚ್ಚು ಹಿಡಿಯಲ್ವಾ?" ಅಂತ ಕೇಳಿದ್ದೀಯ.

ನಾನು ಈ ಊರಿಗೆ ಬಂದು 17 ವರ್ಷ ಆಯಿತು. ಏನಿದೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಮಾಡಿಕೊಂಡು ಕೂತು ಓದು.

ನೀನು ಕೇಳಿದ್ದೆಲ್ಲ ನಿಜವೇ. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 5,300 ಚಿಲ್ಲರೆ. ಡಿಮಾಯ್ನ್‌ನಿಂದ ನೈರುತ್ಯಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ. ದಾರಿಯುದ್ದಕ್ಕೂ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಆದರೆ ಇದನ್ನು ಹಳ್ಳಿ ಅಂದುಕೊಳ್ಳಬೇಡ. ಇದು ಮ್ಯಾಡಿಸನ್ ಕೌಂಟಿಯ ಕೇಂದ್ರ. ನಮ್ಮ ಲೆಕ್ಕದಲ್ಲಿ ತಾಲ್ಲೂಕು ಕೇಂದ್ರ ಇದ್ದ ಹಾಗೆ. ಸಕಲೇಶಪುರಕ್ಕೋ ಬೇಲೂರಿಗೋ ಸುತ್ತಲಿನ ಹಳ್ಳಿಯವರು ಕಚೇರಿ ಕೆಲಸಕ್ಕೆ, ಸಂತೆಗೆ, ಡಾಕ್ಟರ ಹತ್ತಿರ ಬರುತ್ತಾರಲ್ಲ, ಹಾಗೆ ಇಲ್ಲಿಗೆ ಇಡೀ ಕೌಂಟಿಯ 16,500 ಜನ ಬರುತ್ತಾರೆ. ಹಾಗಾಗಿ ಜನ ಕಡಿಮೆ ಇದ್ದರೂ ಊರಿಗೆ ಒಂದು ಗತ್ತು ಇದೆ.

ಅಯೋವಾದಲ್ಲಿ ಇಂಥ 99 ಕೌಂಟಿಗಳಿವೆ. ನಕ್ಷೆ ತೆಗೆದು ನೋಡು, ಬಹಳಷ್ಟು ಚೌಕಾಕಾರದ ಬಿಲ್ಲೆಗಳು. ನೆಲ ಅಳೆದು, ಗೆರೆ ಎಳೆದು, ಆಮೇಲೆ ಜನ ತುಂಬಿಸಿದ ರಾಜ್ಯ ಇದು. ಮ್ಯಾಡಿಸನ್ ಕೌಂಟಿ ಹೆಚ್ಚುಕಡಿಮೆ 24 ಮೈಲಿ ಉದ್ದ, 24 ಮೈಲಿ ಅಗಲ. ಅದರ ನಟ್ಟನಡುವೆ 1849ರಲ್ಲಿ ಈ ಊರನ್ನು ಇಟ್ಟರು. ಯಾವ ಮೂಲೆಯ ರೈತನಾದರೂ ಬೆಳಗ್ಗೆ ಗಾಡಿ ಕಟ್ಟಿದರೆ ಕಚೇರಿ ಕೆಲಸ ಮುಗಿಸಿ ರಾತ್ರಿಗೆ ಮನೆ ಸೇರಬೇಕು, ಅದು ಆಗಿನವರ ಲೆಕ್ಕ. ಹೊಲದ ನಡುವಿನ ರಸ್ತೆಗಳೂ ಅಷ್ಟೇ, ಸಾಮಾನ್ಯವಾಗಿ ಮೈಲಿಗೊಂದು, ದಾರ ಹಿಡಿದು ಎಳೆದ ಹಾಗೆ. ಹೊಳೆ ಬಂದ ಕಡೆ ಮಾತ್ರ ಸೊಟ್ಟಗಾಗುತ್ತವೆ.

ಊರಿಗೆ ಹೆಸರು ಬಂದ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಹೆಸರಿಡೋಕೆ ಕೂತ ಸಭೆಯಲ್ಲಿ ಯಾರೋ "ಸಮ್ಮರ್‌ಸೆಟ್" ಅಂದರಂತೆ. ಆ ದಿನ ಚಳಿ ಇತ್ತಂತೆ. ನಡುಗುತ್ತಾ ಕೂತಿದ್ದ ಇನ್ನೊಬ್ಬ, "ಇದಕ್ಕೆ ವಿಂಟರ್‌ಸೆಟ್ ಅಂತಿಡಿ" ಅಂದನಂತೆ. ಅದೇ ನಿಂತಿತು. ಇಲ್ಲಿ ನಿನ್ನ ಮೊದಲ ಜನವರಿ ತಿಂಗಳು ಕಳೆದ ಮೇಲೆ ನಿನಗೂ ಆ ಮನುಷ್ಯ ಸರಿಯಾಗಿಯೇ ಹೇಳಿದ ಅನ್ನಿಸುತ್ತದೆ.

ಊರಿನ ಮಧ್ಯೆ ಕೋರ್ಟ್‌ಹೌಸ್. ಹೆಸರು ಕೋರ್ಟ್ ಅಂತಿದ್ದರೂ ಬರೀ ಕೋರ್ಟ್ ಅಲ್ಲ, ಅದು ನಮ್ಮ ತಾಲ್ಲೂಕು ಕಚೇರಿ. ಮೊದಲಿದ್ದ ಕಟ್ಟಡ 1875ರಲ್ಲಿ ಬೆಂಕಿಗೆ ಹೋಯಿತು. ಮರುವರ್ಷ, 1876ರಲ್ಲಿ, ಇಲ್ಲಿಯದೇ ಸುಣ್ಣದ ಕಲ್ಲಿನಲ್ಲಿ ಈಗಿನದನ್ನು ಕಟ್ಟಿದರು. ನಾಲ್ಕು ದಿಕ್ಕಿಗೆ ನಾಲ್ಕು ಕೈ ಚಾಚಿದ ಹಾಗಿದೆ, ನಡುವೆ ಗುಮ್ಮಟ. ಸುತ್ತ ಹುಲ್ಲು, ಮರ. ಅದರ ನಾಲ್ಕೂ ಬದಿಗೆ ಅಂಗಡಿ ಸಾಲು. ಇದನ್ನೇ ಇಲ್ಲಿಯವರು ಸ್ಕ್ವೇರ್ ಅನ್ನುತ್ತಾರೆ. ನಾನು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುವಾಗ ಪೇಟೆ ಅಂತಲೇ ಹೇಳೋದು.

ಆ ಕಲ್ಲನ್ನು ನೀನು ಹತ್ತಿರ ಹೋಗಿ ನೋಡಬೇಕು. ಮಾಸಲು ಹಳದಿ ಬಣ್ಣ. ಇಲ್ಲಿಯ ಹಳೆಯ ಕಲ್ಲಿನ ಗೋಡೆಗಳ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ಕಪ್ಪೆಚಿಪ್ಪಿನ ಅಚ್ಚು ಸಿಗುತ್ತದೆ, ಉಗುರಿನಷ್ಟು ಚಿಕ್ಕದು. ಸುಮಾರು 30 ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ಆಳವಿಲ್ಲದ ಸಮುದ್ರ ಇತ್ತು. ಭೂಗರ್ಭಶಾಸ್ತ್ರದವರು ಇಲ್ಲಿಯ ಒಂದು ಕಲ್ಲಿನ ಪದರಕ್ಕೆ ವಿಂಟರ್‌ಸೆಟ್ ಲೈಮ್‌ಸ್ಟೋನ್ ಅಂತಲೇ ಹೆಸರಿಟ್ಟಿದ್ದಾರೆ. ನನ್ನ ಮಗ ಚಿಕ್ಕವನಿದ್ದಾಗ ಸಂಜೆ ಹೊತ್ತು ಆ ಚಿಪ್ಪು ಎಣಿಸುವುದೇ ಅವನ ಆಟ. ನಿನ್ನ ಮಗಳಿಗೂ ಹೇಳಿಕೊಡುತ್ತೇನೆ.

ಕಾರಿನ ನೋಂದಣಿ, ಆಸ್ತಿ ತೆರಿಗೆ, ಮದುವೆ ನೋಂದಣಿ, ಜಮೀನು ಪತ್ರ, ಓಟು, ಎಲ್ಲವೂ ಕೌಂಟಿ ಕಚೇರಿಗಳಲ್ಲೇ. ನಮ್ಮಲ್ಲಿ ತಹಶೀಲ್ದಾರರನ್ನು ಸರ್ಕಾರ ಕಳಿಸುತ್ತದೆ. ಇಲ್ಲಿ ಖಜಾಂಚಿ, ಪತ್ರ ನೋಂದಾಯಿಸುವ ರೆಕಾರ್ಡರ್, ಲೆಕ್ಕ ಮತ್ತು ಚುನಾವಣೆ ನೋಡಿಕೊಳ್ಳುವ ಆಡಿಟರ್, ಪೊಲೀಸ್ ಕೆಲಸದ ಶೆರಿಫ್, ಎಲ್ಲರನ್ನೂ ಊರವರೇ ಓಟು ಹಾಕಿ ಆರಿಸುತ್ತಾರೆ. ನಿನ್ನ ಕಾಗದ ತೆಗೆದುಕೊಂಡ ಅಧಿಕಾರಿಯೇ ಸಂಜೆ ದಿನಸಿ ಅಂಗಡಿಯಲ್ಲಿ ನಿನ್ನ ಹಿಂದೆ ಸಾಲಿನಲ್ಲಿ ನಿಂತಿರುತ್ತಾರೆ.

ಇಲ್ಲಿ ನನ್ನ ಸ್ವಂತ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಈ ಕಚೇರಿ ಅಂದರೆ ನನಗೆ ಯಾಕೆ ಇಷ್ಟು ಪ್ರೀತಿ ಅಂತ ನಿನಗೆ ಗೊತ್ತಾಗಲ್ಲ.

ನಮ್ಮದು ಸಾಗರದ ಕಡೆಯ ಮುಳುಗಡೆ ಕುಟುಂಬ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತಲ್ಲ, ಆಗ ಅಜ್ಜನ ಮನೆ, ತೋಟ, ಗದ್ದೆ, ಎಲ್ಲ ನೀರಿನಡಿ ಹೋಯಿತು. ಬೇರೆ ಕಡೆ ಬಂದು ಕಾಡು ಕಡಿದು ಮತ್ತೆ ಮನೆ ಕಟ್ಟಿದರು. ಆದರೆ ಆ ಜಾಗದ ಹಕ್ಕುಪತ್ರ ಕೈಗೆ ಬರಲೇ ಇಲ್ಲ. ಅಪ್ಪ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ಸುತ್ತಿಕೊಂಡು ತಿಂಗಳಿಗೊಮ್ಮೆ ಬಸ್ಸು ಹತ್ತುತ್ತಿದ್ದರು. ಸಂಜೆ ಅದೇ ಕವರಿನ ಜೊತೆ ಇಳಿಯುತ್ತಿದ್ದರು. ನಾನು ಬೆಳೆದದ್ದು ಅದನ್ನು ನೋಡುತ್ತಾ.

ನಾವು ವಿಂಟರ್‌ಸೆಟ್‌ನಲ್ಲಿ ಮನೆ ಕೊಂಡಾಗ ಮಾರಿದವರು ಒಂದು ದಪ್ಪ ಕಟ್ಟು ಕೈಗಿಟ್ಟರು. ಅದಕ್ಕೆ ಅಬ್‌ಸ್ಟ್ರ್ಯಾಕ್ಟ್ ಅನ್ನುತ್ತಾರೆ. ಅಮೆರಿಕದ ಬೇರೆ ರಾಜ್ಯಗಳಲ್ಲಿ ಮನೆಯ ಹಕ್ಕಿಗೆ ವಿಮೆ ಮಾಡಿಸುವುದು ರೂಢಿ. ಅಯೋವಾದಲ್ಲಿ ಹಳೆಯ ಪದ್ಧತಿ ಇನ್ನೂ ಉಳಿದಿದೆ. ಜಾಗ ಯಾರಿಂದ ಯಾರಿಗೆ ಹೋಯಿತು, ಯಾರು ಸಾಲ ಮಾಡಿದರು, ಯಾವಾಗ ತೀರಿಸಿದರು, ಎಲ್ಲವನ್ನೂ ಒಂದರ ಹಿಂದೆ ಒಂದು ಬರೆದಿಡುತ್ತಾರೆ. ನಮ್ಮ ಋಣಭಾರ ಪತ್ರ ಇದೆಯಲ್ಲ, ಅದರ ಹಾಗೆ. ಆದರೆ ಮೊದಲ ದಿನದಿಂದಲೂ. ನಮ್ಮ ಕಟ್ಟಿನ ಮೊದಲ ಹಾಳೆಯಲ್ಲಿ ಮಾರಾಟಗಾರರು ಅಂತ ಇರುವುದು ಅಮೆರಿಕ ಸರ್ಕಾರ! ಅಲ್ಲಿಂದ ಶುರುವಾಗಿ ಒಬ್ಬ ವಿಧವೆ ಮನೆ ಅಡವಿಟ್ಟದ್ದು, ಅಣ್ಣ ತಮ್ಮಂದಿರು ಪಾಲು ಬಿಟ್ಟುಕೊಟ್ಟದ್ದು, ಬಡ್ಡಿ ಎಷ್ಟು, ಎಲ್ಲ ಇದೆ. ಮೂರು ರಾತ್ರಿ ಕೂತು ಓದಿದೆ. ಕೊನೆಯ ಹಾಳೆಯಲ್ಲಿ ನಮ್ಮಿಬ್ಬರ ಹೆಸರು ಟೈಪ್ ಆಗಿತ್ತು. ಅಪ್ಪನಿಗೆ ಫೋಟೋ ತೆಗೆದು ಕಳಿಸಿದೆ. ಅವರು ಫೋನಿನಲ್ಲಿ ಜಾಸ್ತಿ ಏನೂ ಹೇಳಲಿಲ್ಲ. "ಜೋಪಾನ ಮಾಡಿ ಇಡು" ಅಂದರು.

ಆ ಕಟ್ಟಿನಲ್ಲಿ ಇಲ್ಲದ ಹೆಸರುಗಳೂ ಇವೆ. ಈ ನೆಲ ಇಲ್ಲಿಯ ಮೂಲನಿವಾಸಿಗಳಾದ ಸಾಕ್ ಮತ್ತು ಮೆಸ್ಕ್ವಾಕಿ ಜನರದ್ದು. 1842ರಲ್ಲಿ ಒಪ್ಪಂದ ಅಂತ ಸಹಿ ಹಾಕಿಸಿಕೊಂಡು, 1845ರ ಅಕ್ಟೋಬರ್ ಒಳಗೆ ಜಾಗ ಬಿಡಬೇಕು ಅಂತ ಅವಧಿ ಕೊಟ್ಟರು. ಮರುವರ್ಷವೇ ವಲಸಿಗರು ಬಂದು ಇಲ್ಲಿ ನೆಲೆ ಹಾಕತೊಡಗಿದರು. ಮೆಸ್ಕ್ವಾಕಿ ಜನರಲ್ಲಿ ಕೆಲವರು ಬಿಟ್ಟು ಹೋಗಲು ಒಪ್ಪಲಿಲ್ಲ. 1857ರಲ್ಲಿ ಟಾಮಾ ಕೌಂಟಿಯಲ್ಲಿ ತಮ್ಮ ದುಡ್ಡು ಕೊಟ್ಟು ಜಮೀನು ಕೊಂಡರು. ಇವತ್ತಿಗೂ ಅಲ್ಲೇ ಇದ್ದಾರೆ. ತಮ್ಮದೇ ನೆಲವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಯಿತು ಅನ್ನುವುದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಈ ಊರಿನ ಚಂದ ಹೇಳುವಾಗ ಇದನ್ನು ಬಿಟ್ಟು ಹೇಳುವುದು ನನ್ನಿಂದ ಆಗಲ್ಲ.

ಇನ್ನು ನೋಡೋಕೆ ಏನಿದೆ ಅಂತ ಕೇಳಿದ್ದೀಯಲ್ಲ, ಸಂಕಗಳು ಇವೆ. ನಮ್ಮ ಮಲೆನಾಡಿನಲ್ಲಿ ಸೇತುವೆಗೆ ಸಂಕ ಅನ್ನುತ್ತೇವೆ. ಇಲ್ಲಿಯ ಸಂಕಗಳಿಗೆ ಮಾಡು ಇದೆ! ಮರದ ಸೇತುವೆ, ಎರಡೂ ಬದಿಗೆ ಹಲಗೆಯ ಗೋಡೆ, ಮೇಲೆ ಚಾವಣಿ, ಹೊರಗೆ ಕೆಂಪು ಬಣ್ಣ. ದೂರದಿಂದ ನೋಡಿದರೆ ಹೊಳೆಯ ಮೇಲೆ ಯಾರೋ ಮನೆ ಕಟ್ಟಿದ ಹಾಗೆ. ಒಂದು ಕಾಲಕ್ಕೆ ಈ ಕೌಂಟಿಯಲ್ಲಿ ಇಂಥವು 19 ಇದ್ದವು, ಈಗ ಉಳಿದಿರುವುದು 6.

ಯಾಕೆ ಮಾಡು ಹಾಕಿದರು ಅಂತ ಪ್ರವಾಸಿಗಳೆಲ್ಲ ಕೇಳುತ್ತಾರೆ. ಕುದುರೆ ಬೆದರಬಾರದು ಅಂತಲಾ, ಹಿಮ ಬೀಳಬಾರದು ಅಂತಲಾ? ನನಗೆ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಾರೆ. ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಾರೆ. ಬೆಲೆಬಾಳುವುದು ಕೊಳೆಯಬಾರದು ಅಂತ ಅಗ್ಗದ್ದನ್ನು ಮೇಲೆ ಹೊದಿಸುವುದು. ಇಲ್ಲಿಯೂ ಅದೇ. ಸಂಕದ ನೆಲಕ್ಕೆ ಹಾಕಿದ ದೊಡ್ಡ ತೊಲೆಗಳು ದುಬಾರಿ. ನೀರು ಕುಡಿದರೆ ಕೊಳೆಯುತ್ತವೆ. ಗೋಡೆಯ ಹಲಗೆ, ಚಾವಣಿ, ಇವೆಲ್ಲ ಅಗ್ಗ, ಹಾಳಾದರೆ ಬದಲಾಯಿಸಬಹುದು. ಅದಕ್ಕೇ ಕೌಂಟಿಯವರು ಮಾಡು ಹಾಕಿಸಿದರು. ಯಾರ ಮನೆ ಹತ್ತಿರ ಇತ್ತೋ ಅವರ ಹೆಸರನ್ನೇ ಸಂಕಕ್ಕೆ ಇಡುವುದು ವಾಡಿಕೆ.

ಮೊದಲು ರೋಸ್‌ಮನ್ ಸಂಕಕ್ಕೆ ಹೋಗು. 1883ರದ್ದು, 107 ಅಡಿ ಉದ್ದ. ಬೆಳಗ್ಗೆ ಹೊತ್ತು, ಯಾರೂ ಇಲ್ಲದಾಗ. ಒಳಗೆ ಕಾಲಿಟ್ಟ ತಕ್ಷಣ ನಮ್ಮ ಅಟ್ಟದ ನೆನಪಾಗುತ್ತದೆ. ಅದೇ ಮಬ್ಬು, ಒಣಮರದ ಅದೇ ವಾಸನೆ. ಗೋಡೆಯ ಒಳಗಡೆ ಹಲಗೆಗಳನ್ನು ಓರೆಯಾಗಿ, ಒಂದಕ್ಕೊಂದು ಕತ್ತರಿ ಹಾಕಿದ ಹಾಗೆ ಜೋಡಿಸಿದ್ದಾರೆ. ಆ ಜಾಲರಿಯೇ ಭಾರ ಹೊರುವುದು. ಕಿಂಡಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ನೆಲಕ್ಕೆ ಬೀಳುತ್ತದೆ. ಕೆಳಗೆ ಮಿಡಲ್ ರಿವರ್ ನಿಧಾನಕ್ಕೆ ಹರಿಯುವುದು ಹಲಗೆಯ ಸಂದಿಯಲ್ಲಿ ಕಾಣುತ್ತದೆ. ಹಲಗೆಯ ಮೇಲೆ ಎಷ್ಟೋ ಜನ ಹೆಸರು ಕೆತ್ತಿದ್ದಾರೆ. ನೀನು ಕೆತ್ತಬೇಡ. 1892ರಲ್ಲಿ ಜೈಲಿನಿಂದ ತಪ್ಪಿಸಿಕೊಂಡ ಒಬ್ಬನನ್ನು ಎರಡೂ ಕಡೆಯಿಂದ ಜನ ಈ ಸಂಕದೊಳಗೆ ಅಡ್ಡಗಟ್ಟಿದರಂತೆ. ಅವನು ಚಾವಣಿ ಸೀಳಿಕೊಂಡು ಮೇಲೆ ಹೋದವನು ಮತ್ತೆ ಯಾರಿಗೂ ಕಾಣಲಿಲ್ಲವಂತೆ. ಅದಕ್ಕೆ ಇದನ್ನು ದೆವ್ವದ ಸಂಕ ಅಂತಲೂ ಕರೆಯುತ್ತಾರೆ.

ಎಲ್ಲಕ್ಕಿಂತ ಉದ್ದದ್ದು ಹಾಲಿವೆಲ್, 122 ಅಡಿ. ಹಳೆಯದು ಅಂದರೆ 1870ರ ಇಮ್ಸ್, ಈಗ ಸೇಂಟ್ ಚಾರ್ಲ್ಸ್ ಅನ್ನೋ ಊರಿನಲ್ಲಿದೆ. ಕಟ್ಲರ್-ಡೊನಾಹೋ ಅನ್ನುವುದನ್ನು 1970ರಲ್ಲಿ ಎತ್ತಿ ತಂದು ವಿಂಟರ್‌ಸೆಟ್‌ನ ಪಾರ್ಕಿನಲ್ಲೇ ಇಟ್ಟಿದ್ದಾರೆ. ಮಗಳ ಜೊತೆ ನಡೆದುಕೊಂಡೇ ಹೋಗಬಹುದು.

ಸೀಡರ್ ಸಂಕದ ಕಥೆ ಬೇರೆ. 2002ರಲ್ಲಿ ಯಾರೋ ಬೆಂಕಿ ಇಟ್ಟರು. 2004ರಲ್ಲಿ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದರು. 2017ರಲ್ಲಿ ಮತ್ತೆ ಬೆಂಕಿ! ಆಗ ನಾನು ಇಲ್ಲೇ ಇದ್ದೆ. ನಾನು ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವುದು. ಆ ವಾರ ಔಷಧಿ ತಗೊಳ್ಳೋಕೆ ಬಂದವರೆಲ್ಲ ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಅದನ್ನೇ ಮಾತಾಡುತ್ತಿದ್ದರು. ಒಬ್ಬ ಅಜ್ಜಿ ತನ್ನ ಮದುವೆ ಫೋಟೋ ತಂದು ತೋರಿಸಿದರು, ಅದೇ ಸಂಕದ ಬಾಯಲ್ಲಿ ನಿಂತದ್ದು. ಜನ ದುಡ್ಡು ಹಾಕಿದರು, ಕೌಂಟಿ ಹಾಕಿತು, 2019ರಲ್ಲಿ ಮೂರನೇ ಸಲ ಸಂಕ ಎದ್ದು ನಿಂತಿತು. ಅದರ ಹತ್ತು ಮಾರು ಆಚೆ ಕಾಂಕ್ರೀಟ್ ಹಾಕಿ ಮುಗಿಸಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ನಮ್ಮ ತುಮರಿ ಕಡೆಯವರು ಶರಾವತಿ ಹಿನ್ನೀರು ದಾಟಲು ಒಂದು ಸೇತುವೆಗೆ 60 ವರ್ಷ ಕಾದು 2025ರಲ್ಲಿ ಪಡೆದರು. ಸಂಕ ಅಂದರೆ ಜನರಿಗೆ ಏನು ಅಂತ ನನಗೆ ಗೊತ್ತು.

ಅಕ್ಟೋಬರ್ ಎರಡನೇ ವಾರಾಂತ್ಯ ಈ ಸಂಕಗಳದ್ದೇ ಹಬ್ಬ. ಪೇಟೆಯ ಸುತ್ತ ಅಂಗಡಿ, ವಾದ್ಯ, ಹಳೆಯ ಕಸುಬಿನವರು. ಎಲೆಗಳೆಲ್ಲ ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಿರುತ್ತವೆ. ನಮ್ಮ ಮಾರಿಕಾಂಬಾ ಜಾತ್ರೆಗೆ ಹೋಲಿಸಿದರೆ ಸದ್ದು ಕಡಿಮೆ, ಆದರೆ ಆ ದಿನ ಯಾರೂ ಮನೆಯಲ್ಲಿ ಕೂರುವುದಿಲ್ಲ.

ಹೊಗ್‌ಬ್ಯಾಕ್ ಸಂಕಕ್ಕೆ ಹೋಗುವಾಗ ಒಂದು ಎಚ್ಚರಿಕೆ. ಬಂದ ಮೊದಲ ವಸಂತದಲ್ಲಿ ನಾನು ಫೋನಿನ ನಕ್ಷೆ ನಂಬಿಕೊಂಡು ಹತ್ತಿರದ ದಾರಿ ಹಿಡಿದೆ. ದಾರಿ ಶುರುವಿನಲ್ಲೇ ಒಂದು ಫಲಕ ಇತ್ತು, "ಲೆವೆಲ್ ಬಿ" ಅಂತ. ಅದೇನು ಅಂತ ಗೊತ್ತಿರಲಿಲ್ಲ. ಜಲ್ಲಿ ಹಾಕದ ಮಣ್ಣುರಸ್ತೆ, ಹೋಗುವುದಾದರೆ ನಿಮ್ಮದೇ ಜವಾಬ್ದಾರಿ ಅಂತ ಅರ್ಥ. ಹಿಮ ಕರಗಿದ ಸಮಯ. ಅರ್ಧ ಮೈಲಿ ಹೋಗುವಷ್ಟರಲ್ಲಿ ಕಾರಿನ ಚಕ್ರ ನಾಟಿ ಗದ್ದೆಯ ಕೆಸರಿನಲ್ಲಿ ಹೂತ ಹಾಗೆ ಹೂತಿತು. ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿರದ ಮನೆಗೆ ನಡೆದೆ. ಬಾಗಿಲು ತೆಗೆದ ರೈತ ನನ್ನ ಕಾಲು ನೋಡಿ, ಏನೂ ಕೇಳದೆ ಟ್ರ್ಯಾಕ್ಟರಿನ ಕೀ ತಗೊಂಡರು. ಕಾರು ಎಳೆದು ಕೊಟ್ಟು, ದುಡ್ಡು ಬೇಡ ಅಂದರು. ಮರುದಿನ ಚಿತ್ರಾನ್ನ ಮಾಡಿ ಕೊಟ್ಟು ಬಂದೆ. ಡಬ್ಬಿ ತೊಳೆದು ವಾಪಸ್ ತಂದುಕೊಟ್ಟಾಗ ಅದರಲ್ಲಿ ಹನ್ನೆರಡು ಮೊಟ್ಟೆ ಇತ್ತು. ನಾವು ಮೊಟ್ಟೆ ತಿನ್ನುವುದಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಪಕ್ಕದ ಮನೆಯವರಿಗೆ ಕೊಟ್ಟೆ, ಅವರ ಪರಿಚಯವೂ ಹಾಗೇ ಆಯಿತು.

ಈ ಕೌಂಟಿಯ ಒಂದು ವಸ್ತು ನಿನ್ನ ಮನೆಗೆ ಆಗಲೇ ಬಂದಿದೆ, ಗೊತ್ತಾ? ಸೇಬು. 1870ರ ದಶಕದಲ್ಲಿ ಪೆರು ಅನ್ನೋ ಹಳ್ಳಿಯ ಹತ್ತಿರ ಜೆಸ್ಸಿ ಹಯಟ್ ಎಂಬ ರೈತನ ತೋಟದಲ್ಲಿ ಸಾಲು ತಪ್ಪಿ ಒಂದು ಸಸಿ ಹುಟ್ಟಿತು. ಅವನು ಕಡಿದು ಹಾಕಿದ. ಮತ್ತೆ ಚಿಗುರಿತು. ಮತ್ತೆ ಕಡಿದ. ಮತ್ತೆ ಚಿಗುರಿದಾಗ, ಬದುಕಲೇಬೇಕು ಅಂತಿದ್ದರೆ ಬದುಕಲಿ ಅಂತ ಬಿಟ್ಟ. ಆ ಹಣ್ಣನ್ನು ಅವನು ಹಾಕ್‌ಐ ಅಂತ ಕರೆದ. 1890ರ ದಶಕದಲ್ಲಿ ಮಿಸೌರಿಯ ಸ್ಟಾರ್ಕ್ ನರ್ಸರಿಯವರು ಅದರ ಹಕ್ಕು ಕೊಂಡು ಡೆಲಿಶಿಯಸ್ ಅಂತ ಹೆಸರಿಟ್ಟರು. ಅದೇ ಮುಂದೆ ರೆಡ್ ಡೆಲಿಶಿಯಸ್ ಆಯಿತು. ಸ್ಯಾಮ್ಯುಯೆಲ್ ಸ್ಟೋಕ್ಸ್ ಅಂತ ಒಬ್ಬ ಅಮೆರಿಕನ್ ಹಿಮಾಚಲದ ಕೋಟ್‌ಗಢದಲ್ಲಿ ನೆಲೆಸಿದ್ದರು, ಆಮೇಲೆ ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡರು. ಅವರು 1916ರಲ್ಲಿ ಇದರ ಸಸಿ ತರಿಸಿ ನೆಟ್ಟರು. ಹಿಮಾಚಲದ ಸೇಬಿನ ಬೆಳೆ ಬೆಳೆದದ್ದು ಅಲ್ಲಿಂದ. ನಾವು ಚಿಕ್ಕವರಿದ್ದಾಗ ಜ್ವರ ಬಂದರೆ ಮಾತ್ರ ಅಪ್ಪ ಸಾಗರದ ಗಾಡಿಯಿಂದ ಎರಡು ಶಿಮ್ಲಾ ಸೇಬು ತರುತ್ತಿದ್ದರು, ಕಾಗದದಲ್ಲಿ ಸುತ್ತಿ. ಅದರ ತಾಯಿಮರ ಇರುವ ಜಾಗಕ್ಕೆ ನಾನು ಬಂದು ಸೇರಿದೆ ಅಂತ ಗೊತ್ತಾದ ದಿನ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. 1940ರ ನವೆಂಬರಿನ ಚಳಿಗೆ ಆ ಮೂಲ ಮರ ಸತ್ತಿತು. ಬೇರಿನಿಂದ ಮತ್ತೆ ಚಿಗುರಿತು.

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರು ಕೇಳಿರುತ್ತೀಯ, ಕಡಲೆಕಾಯಿಂದ ನೂರಾರು ಪದಾರ್ಥ ಮಾಡಿ ತೋರಿಸಿದ ವಿಜ್ಞಾನಿ. ಮಿಸೌರಿಯಲ್ಲಿ ಗುಲಾಮರ ಮಗನಾಗಿ ಹುಟ್ಟಿದವರು. ಕ್ಯಾನ್ಸಸ್‌ನ ಒಂದು ಕಾಲೇಜು ಸೀಟು ಕೊಟ್ಟು, ಬಂದು ನಿಂತಾಗ ಮೈಬಣ್ಣ ನೋಡಿ ವಾಪಸ್ ಕಳಿಸಿತು. ಅಲೆಯುತ್ತಾ 1880ರ ದಶಕದ ಕೊನೆಗೆ ವಿಂಟರ್‌ಸೆಟ್‌ಗೆ ಬಂದು ಇಲ್ಲಿಯ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದರು. ಚರ್ಚಿನಲ್ಲಿ ಅವರು ಹಾಡುವುದನ್ನು ಕೇಳಿದ ಮಿಲ್‌ಹಾಲಂಡ್ ಎಂಬ ಡಾಕ್ಟರ ಹೆಂಡತಿ ಮನೆಗೆ ಕರೆಸಿಕೊಂಡರು. ಗಂಡ ಹೆಂಡತಿ ಇಬ್ಬರೂ ಬಿಡದೆ ಒತ್ತಾಯ ಮಾಡಿ ಇಂಡಿಯಾನೋಲಾದ ಸಿಂಪ್ಸನ್ ಕಾಲೇಜಿಗೆ ಸೇರಿಸಿದರು. ಅದು 1890. ಅಲ್ಲಿಂದ ಏಮ್ಸ್‌ನ ಕೃಷಿ ಕಾಲೇಜು, ಆಮೇಲೆ ಅಲಬಾಮಾದ ಟಸ್ಕೀಗಿ ಕಾಲೇಜಿನಲ್ಲಿ ಮೇಷ್ಟ್ರು. ಊರಿನಲ್ಲಿ ಅವರ ಹೆಸರಿನ ಒಂದು ಪುಟ್ಟ ಪಾರ್ಕ್ ಇದೆ. ಪ್ರವಾಸಿಗಳು ಜಾಸ್ತಿ ಹೋಗುವುದು ನಟ ಜಾನ್ ವೇಯ್ನ್ 1907ರಲ್ಲಿ ಹುಟ್ಟಿದ ಮನೆಗೆ, ಪಕ್ಕದಲ್ಲೇ ಅವರ ದೊಡ್ಡ ಮ್ಯೂಸಿಯಂ. ಹೋಗು, ಚೆನ್ನಾಗಿದೆ. ಆದರೆ ನಾನು ನೆಂಟರು ಬಂದಾಗ ಮೊದಲು ಕರೆದುಕೊಂಡು ಹೋಗುವುದು ಕಾರ್ವರ್ ಪಾರ್ಕಿಗೆ.

ಕಷ್ಟಗಳನ್ನೂ ಹೇಳಲೇಬೇಕು. ಚಳಿ ನಿಜವಾಗಿಯೂ ಕಷ್ಟ. ಕೆಲವು ದಿನ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಇಳಿಯುತ್ತದೆ. ಸಂಜೆ ಐದಕ್ಕೆಲ್ಲ ಕತ್ತಲು. ಮೊದಲ ಡಿಸೆಂಬರಿನಲ್ಲಿ ನಾನು ಅಡುಗೆಮನೆಯ ಕಿಟಕಿ ಹತ್ತಿರ ನಿಂತು ಸುಮ್ನೆ ಅತ್ತಿದ್ದೇನೆ. ಕಾರು ಓಡಿಸಲು ಬಾರದಿದ್ದರೆ ಇಲ್ಲಿ ಕಾಲಿಲ್ಲದ ಹಾಗೆ. ಬಸ್ಸು ಇಲ್ಲ. ಹಾಸನದಲ್ಲೇ ಈಗಲೇ ಕಲಿತುಬಿಡು, ಗಂಡ ಕೆಲಸಕ್ಕೆ ಹೋದ ಮೇಲೆ ನೀನು ಮನೆಯಲ್ಲಿ ಸಿಕ್ಕಿಹಾಕಿಕೊಳ್ಳಬಾರದು.

ನಮ್ಮ ದಿನಸಿ ಡಿಮಾಯ್ನ್‌ನಲ್ಲಿ ಸಿಗುತ್ತದೆ. ನಾನು ತಿಂಗಳಿಗೆ ಎರಡು ಸಲ ಹೋಗಿ ತೊಗರಿಬೇಳೆ, ಕರಿಬೇವು, ತೆಂಗಿನತುರಿ ತಂದು ಫ್ರೀಜರಿನಲ್ಲಿ ತುಂಬುತ್ತೇನೆ. ಬೇಸಿಗೆಯಲ್ಲಿ ಹರಿವೆ, ಬಸಳೆ, ಮೆಂತ್ಯ ಹಿತ್ತಲಿನಲ್ಲೇ ಹುಲುಸಾಗಿ ಬರುತ್ತದೆ, ಈ ಕರಿಮಣ್ಣು ಅಂಥದ್ದು. ದೇವಸ್ಥಾನಕ್ಕೆ ಡಿಮಾಯ್ನ್ ದಾಟಿ ಉತ್ತರಕ್ಕೆ ಮ್ಯಾಡ್ರಿಡ್ ಅನ್ನೋ ಊರಿನ ಕಡೆ ಹೋಗಬೇಕು, ಹಬ್ಬದ ದಿನ ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ.

ಸುಂಟರಗಾಳಿ ಬಗ್ಗೆಯೂ ಕೇಳಿದ್ದೀಯ. 2022ರ ಮಾರ್ಚ್ 5, ಶನಿವಾರ. ಸೈರನ್ ಆಯಿತು, ನಾವು ಕೆಳಮನೆಗೆ, ಅಂದರೆ ಮನೆಯಡಿಯ ನೆಲಮಾಳಿಗೆಗೆ, ಇಳಿದೆವು. ಗಾಳಿ ಊರನ್ನು ಬಿಟ್ಟು ಅದರ ಪಕ್ಕದಲ್ಲಿ ಹಾದುಹೋಯಿತು. ಕೌಂಟಿಯಲ್ಲಿ ಆರು ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಮರುದಿನ ಬೆಳಗ್ಗೆ ಹೊಲಗಳಲ್ಲಿ ಜನ ಸಾಲಾಗಿ ನಿಂತು ಬಗ್ಗಿ ಬಗ್ಗಿ ಹೆಕ್ಕುತ್ತಿದ್ದರು. ತಗಡಿನ ಚೂರು, ಮೊಳೆ, ಯಾರದೋ ಮನೆಯ ಫೋಟೋ. ನಾನೂ ಹೋದೆ. ಪಕ್ಕದಲ್ಲಿದ್ದ ಹುಡುಗ ಯಾಕೆ ಮೊಳೆ ಕೂಡ ಬಿಡಬಾರದು ಅಂತ ಹೇಳಿದ. ಬಿತ್ತನೆಗೆ ಇಳಿದಾಗ ಟ್ರ್ಯಾಕ್ಟರಿನ ಟೈರಿಗೆ ಹೊಕ್ಕುತ್ತದಂತೆ, ದನ ಮೇಯುವಾಗ ಹೊಟ್ಟೆಗೆ ಹೋಗುತ್ತದಂತೆ. ಸಂಜೆವರೆಗೆ ಹೆಕ್ಕಿದೆವು. ಕೈಗವಸು ತೂತು ಬಿದ್ದಿತ್ತು. ಮನೆ ಬಾಡಿಗೆಗೆ ನೋಡುವಾಗ ಕೆಳಮನೆ ಇದೆಯಾ ಅಂತ ಮೊದಲು ಕೇಳು.

ನಮ್ಮವರು ಯಾರೂ ಇಲ್ಲ ಅಂದೆಯಲ್ಲ. ಮೊದಲ ವರ್ಷ ನನಗೂ ಹಾಗೇ ಅನ್ನಿಸಿತ್ತು. ಇಲ್ಲಿಯವರು ತಾವಾಗಿ ಮನೆಗೆ ನುಗ್ಗುವವರಲ್ಲ. ನಾವು ಒಳಗೇ ಕೂತರೆ, ಇವರಿಗೆ ಏಕಾಂತ ಇಷ್ಟ ಅಂದುಕೊಂಡು ಹಾಗೇ ಬಿಡುತ್ತಾರೆ. ನೀನೇ ಹೊರಗೆ ಬರಬೇಕು. ಬೇಸಿಗೆಯ ಶನಿವಾರ ಪೇಟೆಯಲ್ಲಿ ರೈತರ ಸಂತೆ ನಡೆಯುತ್ತದೆ, ಮಗಳ ಕೈ ಹಿಡಿದುಕೊಂಡು ಬಾ. ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಓದುತ್ತಾರೆ, ಕೂರಿಸು. ಹೊದಿಕೆಗಳ ಮ್ಯೂಸಿಯಂ ಒಂದು ಇದೆ, ಕೋರ್ಟ್‌ಹೌಸಿನ ಎದುರಿಗೇ. ನಮ್ಮ ಕೌದಿಯ ಹಾಗೇ ತುಂಡು ಬಟ್ಟೆ ಜೋಡಿಸಿ ಹೊಲಿದವು. ನಾನು ಅಜ್ಜಿ ಹೊಲಿದ ಕೌದಿಯನ್ನು ಅಂಗಡಿಗೆ ಔಷಧಿಗೆ ಬರುವ ಒಬ್ಬ ಹೆಂಗಸಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹೊಲಿಗೆ ಎಣಿಸಿದರು. ಆಮೇಲೆ ಪ್ರತಿ ಗುರುವಾರ ಸಂಜೆ ಅವರ ಮನೆಯಲ್ಲಿ ಹೊಲಿಯಲು ಕೂರುವ ಐದು ಜನರಲ್ಲಿ ನಾನೂ ಒಬ್ಬಳು. ಹನ್ನೆರಡು ವರ್ಷ ಆಯಿತು. ಈಗ ಇಬ್ಬರು ಇಲ್ಲ, ಕುರ್ಚಿ ಖಾಲಿ ಇದೆ. ನಿನಗೆ ಹೊಲಿಗೆ ಬರುತ್ತಾ?

ಒಂದು ವಿಷಯ ಮರೆತಿದ್ದೆ. ನೀನು ಕಳಿಸಿದ ಎರಡು ಮನೆಗಳಲ್ಲಿ ಎರಡನೆಯದು ನನಗೆ ಗೊತ್ತು, ಕೋರ್ಟ್‌ಹೌಸಿನಿಂದ ಮೂರು ಬೀದಿ ಆಚೆ. ಶಾಲೆಗೆ ಹತ್ತಿರ. ಕೆಳಮನೆ ಇದೆ, ಆದರೆ ಮಳೆ ಬಂದರೆ ನೀರು ಜಿನುಗುತ್ತದೆ ಅಂತ ಹಿಂದೆ ಇದ್ದವರು ಹೇಳುತ್ತಿದ್ದರು. ಶನಿವಾರ ಹೋಗಿ ನೋಡಿ ಫೋಟೋ ಕಳಿಸುತ್ತೇನೆ, ಅಲ್ಲಿವರೆಗೆ ಮುಂಗಡ ಕೊಡಬೇಡಿ. ಮಗಳಿಗೆ ಹಿಮದ ಬೂಟು ಬೆಂಗಳೂರಿನಲ್ಲಿ ತಗೊಳ್ಳಬೇಡ, ಅಲ್ಲಿಯದು ಇಲ್ಲಿಯ ಚಳಿಗೆ ಸಾಲುವುದಿಲ್ಲ. ಅವಳ ಕಾಲಿನ ಅಳತೆಯನ್ನು ಒಂದು ಕಾಗದದ ಮೇಲೆ ಗೆರೆ ಎಳೆದು ಕಳಿಸು, ನಾನು ತಂದಿಟ್ಟಿರುತ್ತೇನೆ.